ಶುದ್ಧ ಗಾಳಿಯ ಇಲಿಗಳು

ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಅಕ್ಕ. ಫಾರ್ಮಾಲಿನ್ ಆವಿ ಕುಡಿಸಿದ ಇಲಿಗಳ, ಹೋಲಿಕೆಗೆಂದು ಶುದ್ಧ ಗಾಳಿಯಲ್ಲಿಟ್ಟ ಇಲಿಗಳ ಶ್ವಾಸನಾಳವನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ ಬಣ್ಣ ಹಾಕುವುದು ಅವಳ ಕೆಲಸ. ಆ ನಾಳಗಳನ್ನು ಕೆಡದಂತೆ ಇಡುವುದೂ ಅದೇ ಫಾರ್ಮಾಲಿನ್‌ನಲ್ಲಿ. ಕೊಯ್ದ ಪದರ ಹಾರಿಹೋಗುತ್ತದೆಂದು ಫ್ಯಾನ್ ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ. ಮನೆಯಲ್ಲಿ ಗಂಡ ಅವಳ ಕೆಮ್ಮಿನ ಬಗ್ಗೆ ಕೇಳಿದರೆ ‘ಧೂಳಿಗೆ’ ಎಂದುಬಿಡುತ್ತಿದ್ದಳು.

ಅಂದು ಪ್ರಯೋಗ ನಡೆಸುವ ಮೇಡಂ ಸೂಕ್ಷ್ಮದರ್ಶಕದಿಂದ ತಲೆಯೆತ್ತದೆ ಕೂಗಿದರು. “ಅಕ್ಕಾ, ಗಾಜು ಅದಲುಬದಲು ಮಾಡಿದ್ರಾ?”

“ಇಲ್ಲಮ್ಮ. ಅದು ಶುದ್ಧ ಗಾಳಿ ಕೊಟ್ಟ ಇಲೀದೇ.”

“ಹಾಗಾದ್ರೆ ನೀವೇ ನೋಡಿ.”

ಆರೋಗ್ಯವಾದ ನಾಳದ ಒಳಮೈಯಲ್ಲಿ ಎತ್ತರದ ಜೀವಕೋಶಗಳು ಕಸ ಗುಡಿಸುವ ನವಿರು ಕೂದಲು ಹೊತ್ತು ನಿಂತಿರುತ್ತವೆ. ಇಲ್ಲಿ ಕೂದಲೆಲ್ಲ ಉದುರಿ, ಕೋಶಗಳು ಚಪ್ಪಟೆಯಾಗಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಕ್ಯಾನ್ಸರ್ ಅಲ್ಲ, ಅತ್ತ ಹೋಗಬಹುದಾದ ದಾರಿಯ ಮೊದಲ ತಿರುವು.

ಮೇಡಂ ಆ ಇಲಿಗಳ ಗೂಡಿನ ಗಾಳಿಕೊಳವೆಯನ್ನು ಹಿಡಿದು ಹುಡುಕುತ್ತ ಬಂದರು. ಅದರ ಇನ್ನೊಂದು ತುದಿ ಅಕ್ಕನ ಮೇಜಿನ ನೆತ್ತಿಯ ಮೇಲೇ ಬಾಯಿ ತೆರೆದು ಗಾಳಿ ಎಳೆಯುತ್ತಿತ್ತು.

“ಅಯ್ಯೋ ಪಾಪ, ಇಲಿಗಳು! ಇಷ್ಟು ದಿನ ಈ ಗಾಳಿ ಕುಡಿದ್ವಲ್ಲ!”

ಅಕ್ಕನಿಗೆ ಕೆಮ್ಮು ಬಂತು.

“ನೀರು ಕುಡೀರಿ ಅಕ್ಕಾ,” ಎಂದು ಮೇಡಂ ಫೋನ್ ಎತ್ತಿಕೊಂಡರು.

ಹೊಸ ಇಲಿಗಳು ಬಂದವು. ಅವಕ್ಕೆ ಬೇರೆ ಕೋಣೆ, ಗಾಳಿ ಸೋಸುವ ಯಂತ್ರ, ವಾಸನೆ ಹೆಚ್ಚಾದರೆ ಕೂಗುವ ಗಂಟೆ. ತಪ್ಪು ತನ್ನ ತಲೆಗೆ ಬರಲಿಲ್ಲವೆಂದು ಅಕ್ಕ ಮೊದಲು ನಿರಾಳವಾದಳು. ಆಮೇಲೆ ಬಚ್ಚಲಿನ ಕನ್ನಡಿಯೆದುರು ಬಾಯಿ ತೆರೆದು ಇಣುಕಿದಳು. ಕಂಡದ್ದು ಕಿರುನಾಲಿಗೆಯಷ್ಟೇ. ಅದರಾಚೆ ನೋಡಬೇಕಾದರೆ ತನ್ನನ್ನೂ ಯಾರಾದರೂ ಮೇಣದಲ್ಲಿ ಕೂರಿಸಬೇಕೇನೋ!

ಮರುದಿನ ಬೆಳಿಗ್ಗೆ ಕೊಯ್ಯುವ ಯಂತ್ರವನ್ನು ಗಾಲಿಮೇಜಿನ ಮೇಲಿಟ್ಟು ಇಲಿಗಳ ಕೋಣೆಗೆ ತಳ್ಳಿಕೊಂಡು ಹೋದಳು.

“ಏನಕ್ಕಾ ಇದು? ಇದು ಇಲಿಗಳ ಕೋಣೆ!” ಎಂದರು ಮೇಡಂ.

“ಅದಕ್ಕೇ ಬಂದೆ ಕಣಮ್ಮ. ಗಾಳಿ ಚೆನ್ನಾಗಿದೆ.”

“ಛೆ, ನಿಮ್ಮ ಬಟ್ಟೆಯಲ್ಲೆಲ್ಲ ಆ ವಾಸನೆ ಇದೆ. ಇಲಿಗಳಿಗೆ ಏನಾದ್ರೂ ಆದ್ರೆ?”

ಆಗಲೇ ಗಂಟೆ ಕೂಗತೊಡಗಿತು. ಮೇಡಂ ಗಂಟೆಯನ್ನು ನೋಡಿದರು, ಅಕ್ಕನನ್ನು ನೋಡಿದರು, ಅರ್ಜಿ ಬರೆಯಲು ಹೋದರು.

ಅಕ್ಕನ ಮೇಜಿಗೂ ಆವಿ ಹೀರುವ ಯಂತ್ರ ಮಂಜೂರಾಯಿತು. ಕಾರಣ: ಇಲಿಗಳ ಸುರಕ್ಷತೆ. ಅದರ ಕೆಳಗೆ ಕೂತು ಅವಳು ಗಂಡನಿಗೆ ಫೋನ್ ಮಾಡಿದಳು.

“ಸಂಜೆ ಆಸ್ಪತ್ರೆಗೆ ಹೋಗೋಣ ರೀ. ಈ ಕೆಮ್ಮು ತೋರಿಸ್ಬೇಕು.”

“ಧೂಳಿಗೆ ಅಂದಿದ್ಯಲ್ಲೇ?”

“ಅದೇ ಗಾಳಿ ಕುಡಿದ ಇಲಿಗಳಿಗೆ ಆಗಿದ್ದು ಧೂಳಿಗಲ್ಲ ಕಣ್ರೀ,” ಎಂದಳು.