ಹುಳಿ ಹತ್ತಿದ ಬಕೆಟ್ಟು

ಅನೂಪ ಮಾಡಿದ ಮೂರನೆಯ ಬಿಯರೂ ಕೆಟ್ಟಿದೆ ಎಂದು ಅವನ ಗರಾಜಿಗೆ ಕಾಲಿಟ್ಟ ಕೂಡಲೇ ನನ್ನ ಮೂಗಿಗೆ ಗೊತ್ತಾಯಿತು.

ನಾನು ಹೋದದ್ದು ದೋಸೆಹಿಟ್ಟು ಕೊಡಲಿಕ್ಕೆ. ಅಮೆರಿಕದ ಈ ಫ್ಲವರ್ ಮೌಂಡ್‌ನ ಕನ್ನಡದವರ ಮನೆಗಳಿಗೆ ಹದಿನೆಂಟು ವರ್ಷದಿಂದ ಹಿಟ್ಟು, ಹೋಳಿಗೆ ಮಾಡಿಕೊಡುತ್ತೇನೆ. ಗರಾಜಿನಲ್ಲಿ ಹತ್ತಿರದ ಊರು ಪ್ರಾಸ್ಪರ್‌ನ ರಘೂತ್ತಮ ಅವರೂ ಇದ್ದರು. ಕನ್ನಡದವರ ಗಣೇಶನ ಹಬ್ಬದ ಊಟದ ಉಸ್ತುವಾರಿ ಅವರದು. ಈ ಸಲ ನಾನೂರು ಹೋಳಿಗೆ ನನಗೇ ಹೇಳಿದ್ದರು. ಇಬ್ಬರೂ ಬಕೆಟ್ಟಿನೊಳಗೆ ಇಣುಕುತ್ತ, ಬಾವಿಗೆ ಬಿದ್ದ ಕೊಡ ಹುಡುಕುವವರ ಹಾಗೆ ನಿಂತಿದ್ದರು.

"ಸೆಕೆಗೆ ಹೀಗಾಗಿದೆ ಕಣಪ್ಪ. ಆಗಸ್ಟಲ್ಲಿ ಗರಾಜಲ್ಲಿ ಇಟ್ರೆ ಇನ್ನೇನಾಗತ್ತೆ?" ಎಂದರು ರಘೂತ್ತಮ.

"ಇಲ್ಲ ಸಾರ್, ಎರಡು ವಾರ ಎಸಿ ರೂಮಲ್ಲೇ ಇಟ್ಟಿದ್ದೆ. ಈಗ ತಾನೇ ಇಲ್ಲಿಗೆ ತಂದೆ. ಯೀಸ್ಟ್ ಚೇಂಜ್ ಮಾಡಿದೆ, ಎಲ್ಲಾ ಸ್ಯಾನಿಟೈಸ್ ಮಾಡಿದೆ. ಸಾಕಾಯ್ತು, ಸಾಮಾನೆಲ್ಲ ಮಾರಿಬಿಡ್ತೀನಿ."

ಬಿಯರಿನ ಮೇಲೆ ಬಿಳಿ ಪೊರೆ ಕಟ್ಟಿತ್ತು. ಬಕೆಟ್ಟಿನ ಹಿಡಿಗೆ ನಾನೇ ಸುತ್ತಿದ್ದ ನೀಲಿ ಟೇಪು. ಅಕ್ಕಿ ತುಂಬಿಡಲಿಕ್ಕೆಂದು ಹೋದ ವರ್ಷ ಅವನ ಹೆಂಡತಿ ಹರ್ಷಿಣಿಗೆ ಕೊಟ್ಟಿದ್ದ ನನ್ನ ಹಳೇ ದೋಸೆಹಿಟ್ಟಿನ ಬಕೆಟ್ಟು ಅದು.

ಬಾಯಿ ತೆರೆದೆ, ಮುಚ್ಚಿದೆ. ಹೇಳಿದರೆ ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ನಮ್ಮಪ್ಪ ನಾಗಮಂಗಲದ ಕಡೆ ಈಚಲು ಮರ ಹತ್ತಿ ಹೆಂಡ ಇಳಿಸುತ್ತಿದ್ದವನು. ಇಲ್ಲಿ ಎಲ್ಲರಿಗೂ "ತೋಟ ಇತ್ತು" ಎಂದು ಹೇಳಿಕೊಂಡು ಬಂದಿದ್ದೆ. ಬಿಯರು ಕುಡಿಯುವ ಇದೇ ಜನ ಹೆಂಡ ಎಂದರೆ ಮೂಗು ಮುರಿಯುತ್ತಾರೆ. ಗಣೇಶನ ಮುಂದಿಡುವ ಹೋಳಿಗೆಯನ್ನು ಹೆಂಡದವನ ಮಗಳ ಕೈಯಲ್ಲಿ ಮಾಡಿಸುತ್ತಾರೆಯೇ?

ಎಂಟು ವರ್ಷದವಳಿದ್ದಾಗ ಅಪ್ಪನ ಮಡಕೆಯಲ್ಲಿ ನಾನು ಮಜ್ಜಿಗೆ ಹೊಯ್ದಿಟ್ಟಿದ್ದೆ. ಅವ್ವ ಬಿಸಿನೀರಲ್ಲಿ ನಾಲ್ಕು ಸಲ ತೊಳೆದಳು, ಒಲೆಯ ಮೇಲೆ ಬೋರಲು ಹಾಕಿ ಹೊಗೆ ಕೊಟ್ಟಳು. ಮಾರನೆಯ ದಿನ ಅದರೊಳಗೆ ಇಳಿದ ಹೆಂಡ ಬಾಯಿಗಿಡಲಾಗದಷ್ಟು ಹುಳಿ. ಅಪ್ಪ ಬೈಯಲಿಲ್ಲ. ಕೆರೆ ಏರಿಯ ಮೇಲೆ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಡಕೆಯನ್ನು ಕಲ್ಲಿಗೆ ಅಪ್ಪಳಿಸಿದ. "ಹುಳಿ ಒಳಗೆ ಕೂತ್ಕೊಂಡದೆ ಮಗ, ಇನ್ನು ಎದ್ದು ಹೋಗಾಕಿಲ್ಲ" ಎಂದು ಸೊಂಟದ ಬಟ್ಟೆಯಿಂದ ನನ್ನ ಕಣ್ಣೊರೆಸಿದ. ಆ ಬಟ್ಟೆಯಲ್ಲಿ ಬೆಳಗಿನ ಹೆಂಡದ ಸಿಹಿ ವಾಸನೆ ಇರುತ್ತಿತ್ತು.

"ನೀರು ಸರಿಯಿಲ್ಲ ಅನ್ಸತ್ತೆ" ಎಂದು ರಘೂತ್ತಮ ಇನ್ನೊಂದು ಕಾರಣ ಹುಡುಕಿದರು.

ನನಗೆ ರೇಗಿಹೋಯಿತು.

"ನೀರಿಗೇನಾಗಿದೆ ಮಣ್ಣು! ಸೆಕೆಗೆ ಕೆಟ್ಟಿದ್ರೆ ಬಾಳೆಹಣ್ಣಿನ ವಾಸನೆ ಬರ್ತಿತ್ತು. ಇದು ಹಿಟ್ಟಿನ ಹುಳಿ ಕಣೋ ಅನೂಪ. ಈ ಬಕೆಟ್ಟಲ್ಲಿ ಹತ್ತು ವರ್ಷ ದೋಸೆಹಿಟ್ಟು ಉಬ್ಬಿಸಿದ್ದೀನಿ. ಸೌಟು ಗೀರಿದ ಗೆರೆಯಲ್ಲೆಲ್ಲ ಹುಳಿ ಕೂತಿದೆ. ಏನು ಹಾಕಿ ತೊಳೆದ್ರೂ ಹೋಗಲ್ಲ. ಹೊಸ ಬಕೆಟ್ಟು ತಗೋ, ಬಿಯರು ಇಳಿಸೋ ಪೈಪೂ ಹೊಸದು ತಗೋ."

"ನಿಮಗೆ ಹೇಗೆ ಆಂಟಿ ಇಷ್ಟೆಲ್ಲ..."

"ನಮ್ಮಪ್ಪ ಹೆಂಡ ಇಳಿಸ್ತಿದ್ದ. ತೋಟ ಗೀಟ ಏನೂ ಇರ್ಲಿಲ್ಲ. ಮರ ಊರವರದು, ಮಡಕೆ ನಮ್ಮದು." ರಘೂತ್ತಮರ ಕಡೆ ತಿರುಗಿದೆ. "ಹೋಳಿಗೆ ಬೇಡ ಅಂದ್ರೆ ಈಗಲೇ ಹೇಳಿ. ಬೇಳೆ ಬೇಯಿಸಿದ ಮೇಲೆ ಹೇಳಿದ್ರೆ ನಾನು ಸುಮ್ನಿರಲ್ಲ."

ಅವರು ಬಕೆಟ್ಟನ್ನೇ ನೋಡುತ್ತ ನಿಂತರು. ನಾನು ಉತ್ತರಕ್ಕೆ ಕಾಯಲಿಲ್ಲ. ಬಿಯರನ್ನು ಹೊರಗೆ ಚೆಲ್ಲಿ, ಬಕೆಟ್ಟೆತ್ತಿ ಕಾಂಕ್ರೀಟಿಗೆ ಅಪ್ಪಳಿಸಿದೆ. ಅದು ಚೆಂಡಿನ ಹಾಗೆ ಪುಟಿದು ಟಪಾಲು ಪೆಟ್ಟಿಗೆಯ ತನಕ ಉರುಳಿತು. ಎತ್ತಿ ತಂದು ಮತ್ತೆ ಅಪ್ಪಳಿಸಿದೆ. ಮತ್ತೆ ಪುಟಿಯಿತು. ಅನೂಪ ನಕ್ಕ. ದುರುಗುಟ್ಟಿ ನೋಡಿದೆ.

"ಬಿಡಿ ಲೀಲಾವತಿಯವರೇ, ನಿಮ್ಮ ಸೊಂಟ ಹಿಡ್ಕೊಂಡ್ರೆ ನಾನೂರು ಹೋಳಿಗೆ ಯಾರು ತಟ್ತಾರೆ? ನನಗಂತೂ ಬರಲ್ಲ" ಎಂದರು ರಘೂತ್ತಮ. ಬಕೆಟ್ಟನ್ನು ತಮ್ಮ ಕಾರಿನ ಹಿಂದಿನ ಚಕ್ರದ ಬುಡಕ್ಕಿಟ್ಟು, ಒಳಗೆ ಕೂತು ರಿವರ್ಸ್ ತೆಗೆದುಕೊಂಡರು.

ಟಪ್ಪೆಂದು ಸೀಳಿತು. ಮಣ್ಣಿನ ಮಡಕೆ ಒಡೆದ ಸದ್ದು ಅದಲ್ಲ. ಆದರೂ ಕಣ್ಣು ತುಂಬಿತು. ನನ್ನ ಎರಡೂ ಕೈಗೆ ಹುಳಿ ಬಿಯರು ಮೆತ್ತಿತ್ತು; ಕಣ್ಣೊರೆಸಿಕೊಳ್ಳಲು ಭುಜವನ್ನೇ ಎತ್ತಬೇಕಾಯಿತು.