ಮಾವನ ಸೌರಮಂಡಲ ತಿರುಗಿದ ದಿಕ್ಕು

ಒಂದು ನಿಮಿಷ ಕೂತುಕೊಳ್ಳಿ, ಇದನ್ನು ಪೂರ್ತಿ ಕೇಳಿಬಿಡಿ. ಅರ್ಧಕ್ಕೇ "ಓ, ಇಷ್ಟೇನಾ" ಅಂತ ಎದ್ದು ಹೋದರೆ ಕುಲುಕಕ್ಕನ ಮೇಲೆ ಸುಮ್ಮನೆ ತಪ್ಪು ಹೊರಿಸಿಬಿಡುತ್ತೀರಿ. ಅವಳ ಅಮ್ಮ ಹಾಗೇ ಮಾಡಿದ್ದಾಳೆ, ಅವಳ ಬೀದಿಯ ಅರ್ಧ ಜನ ಹಾಗೇ ಮಾಡಿದ್ದಾರೆ. ಇನ್ನರ್ಧ ಜನ ಕೇಳಿಸಿಕೊಂಡಿಲ್ಲ, ಅಷ್ಟೇ.

ಕುಲುಕಕ್ಕ ಮಕ್ಕಳ ಆಟಿಕೆ ಪರೀಕ್ಷಿಸುವ ಕಚೇರಿಯಲ್ಲಿ ಕೆಲಸ ಮಾಡುವವಳು. ಮಗು ಏನೇನು ಮಾಡಬಹುದೋ ಅದನ್ನೆಲ್ಲ ಮಗುವಿಗಿಂತ ಮೊದಲೇ ಮಾಡಿ ನೋಡುವುದು ಅವಳ ಕೆಲಸ. ಎಳೆಯುತ್ತಾಳೆ, ತಿರುಚುತ್ತಾಳೆ, ಮೇಜಿನಿಂದ ಕೆಳಗೆ ಬೀಳಿಸುತ್ತಾಳೆ, ಬಣ್ಣ ಬಿಡುತ್ತದೋ ಅಂತ ಒದ್ದೆ ಬಟ್ಟೆಯಲ್ಲಿ ಉಜ್ಜುತ್ತಾಳೆ. ಎಲ್ಲಕ್ಕಿಂತ ಮೊದಲು ಕುಲುಕುತ್ತಾಳೆ. ಈ ಚಟ ಕಚೇರಿಯಲ್ಲೇ ಉಳಿದಿದ್ದರೆ ಪರವಾಗಿರಲಿಲ್ಲ. ನೆಂಟರ ಮನೆಗೆ ಹೋದರೆ ಕುರ್ಚಿ ಕುಲುಕದೆ ಕೂರುವವಳಲ್ಲ. ಹಿಂದೊಮ್ಮೆ ಹೊಸ ಮಗು ನೋಡಲು ಹೋದವಳು ಮಗುವನ್ನು ಆಮೇಲೆ ನೋಡಿದಳು, ಮೊದಲು ತೊಟ್ಟಿಲು ಕುಲುಕಿ "ಎಡಗಾಲು ಸಡಿಲ" ಅಂದಳು. ಆ ತೊಟ್ಟಿಲು ಕೊಡಿಸಿದ ಅಜ್ಜ ಇವತ್ತಿಗೂ ಅವಳನ್ನು ಕಂಡರೆ ದಾರಿ ಬದಲಾಯಿಸುತ್ತಾರೆ. ಹಾಗೆ ಬಂದ ಹೆಸರು ಅದು.

ಅವಳಿಗೊಬ್ಬ ಸೋದರಮಾವ. ಫ್ಯಾನ್ ರಿಪೇರಿ ಅಂಗಡಿ. ಅವಳು ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಕೂಡಲೇ ಮಾವನ ಅಂಗಡಿಯ ಮೇಜಿನ ಕೆಳಗೆ ಹೋಗಿ ಕೂರುತ್ತಿದ್ದಳು. ಸ್ಕ್ರೂಡ್ರೈವರ್ ಹಿಡಿಯುವುದನ್ನು ಪೆನ್ಸಿಲ್ ಹಿಡಿಯುವುದಕ್ಕಿಂತ ಮೊದಲು ಕಲಿಸಿದ್ದು ಮಾವನೇ. ಆದರೆ ಮನೆಯಲ್ಲಿ ಮಾವನಿಗೆ ಒಂದು ಕಾಸಿನ ಮರ್ಯಾದೆ ಇರಲಿಲ್ಲ. ಅವರು ಹಿಟ್ಟು ಕಲಸುವ ಯಂತ್ರ ಮಾಡಲು ಹೋದರು, ಅದು ಹಿಟ್ಟನ್ನೆಲ್ಲ ಊದಿ ಗೋಡೆಗೆ ಹಚ್ಚಿತು. ಬಟ್ಟೆ ಒಣಗಿಸುವ ಚಕ್ರ ಮಾಡಿದರು, ಬಟ್ಟೆ ಪಕ್ಕದ ಮನೆ ತಾರಸಿಗೆ ಹೋಯಿತು. ಏನು ಮಾಡಿದರೂ ಕೊನೆಗೆ ಅದು ಫ್ಯಾನೇ ಆಗುತ್ತಿತ್ತು.

"ನಿನ್ನ ಕೈಗೆ ಗಾಳಿ ಬೀಸೋದು ಬಿಟ್ರೆ ಬೇರೇನೂ ಬರಲ್ಲ ಕಣೋ," ಎನ್ನುತ್ತಿದ್ದಳು ಅಮ್ಮ, ಅಂದರೆ ಅವರ ಅಕ್ಕ.

ಈ ಸಲ ಕಚೇರಿಗೆ ಒಂದು ದೊಡ್ಡ ಕೆಲಸ ಬಂತು. ಮಕ್ಕಳ ಓದುವ ಕೋಣೆಗಳಿಗೆಲ್ಲ ಮೋಟಾರಿನಿಂದ ತಿರುಗುವ ಸೌರಮಂಡಲ ಬೇಕಂತೆ. ಯಾರು ಬೇಕಾದರೂ ಮಾಡಿ ಕಳಿಸಬಹುದು. ಒಳ್ಳೆಯದಕ್ಕೆ ಕಚೇರಿಯ ಮುದ್ರೆ ಬೀಳುತ್ತದೆ. ಕೇಳಿದ್ದೇ ತಡ, ಮಾವ ಅಂಗಡಿ ಬಾಗಿಲು ಅರ್ಧ ಎಳೆದು ಒಳಗೆ ಕೂತರು. ಫ್ಯಾನ್ ಅಲ್ಲದ ಒಂದೇ ಒಂದು ವಸ್ತು, ಅದರ ಮೇಲೆ ಒಂದು ಮುದ್ರೆ. ಅಕ್ಕನ ಕಣ್ಣೆದುರು ಹಿಡಿಯಲು ಅವರಿಗೆ ಅಷ್ಟೇ ಬೇಕಿತ್ತು.

ಪರೀಕ್ಷೆಯ ಹಿಂದಿನ ದಿನ ಮನೆಗೆ ಬಂದು ಅಡುಗೆಮನೆ ಬಾಗಿಲಿಗೆ ಒರಗಿ ನಿಂತರು. ಮುಖದಲ್ಲಿ ಗುಟ್ಟು ತುಂಬಿ ಚೆಲ್ಲುತ್ತಿತ್ತು.

"ಮಗಳೇ, ನನ್ನದು ಯಾವುದು ಅಂತ ನಾನು ಹೇಳಲ್ಲಪ್ಪ."

"ಹೇಳ್ಬೇಡ ಮಾವ. ಗೊತ್ತಾದ್ರೆ ನಿನ್ನದು ಸ್ಪರ್ಧೆಯಿಂದಲೇ ಹೊರಗೆ. ಹಾಗಂತ ನಮ್ಮ ಕಚೇರಿ ಮೇಡಂ ಆಗಲೇ ಹೇಳಿದ್ದಾರೆ."

"ಅದಕ್ಕೇ ಹೇಳ್ತಿಲ್ಲ. ಬಣ್ಣ ಕೂಡ ಹೇಳಲ್ಲ. ಆದ್ರೆ ಶಬ್ದ ಕೇಳು. ನನ್ನದು ಅಂತಲ್ಲ, ಸುಮ್ನೆ ಹೇಳ್ದೆ. ಬೇರಿಂಗ್ ಒಳ್ಳೇದಿದ್ರೆ ಶಬ್ದವೇ ಬರಲ್ಲ."

"ಮಾವ, ಬಾಯ್ಮುಚ್ಚು."

"ಮುಚ್ದೆ. ಆದ್ರೂ ಮೇಲ್ಗಡೆ ಏನಾದ್ರೂ ಕೊಂಡಿ ಗಿಂಡಿ ಕಂಡ್ರೆ…"

ಅವಳು ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಓಡಿದಳು. ಅಮ್ಮ ಒಲೆಯ ಮುಂದಿನಿಂದಲೇ ಕೇಳಿದಳು: "ಲೋ, ಸೂರ್ಯ ಚಂದ್ರ ಎಲ್ಲ ಗೋಡೆಗೆ ಮೆತ್ಕೊಳ್ಳಲ್ಲ ತಾನೇ?"

ಮರುದಿನ ಪರೀಕ್ಷಾ ಕೋಣೆ. ಮಧ್ಯದಲ್ಲಿ ಗಾಜಿನ ದೊಡ್ಡ ಮೇಜು. ಆಟಿಕೆಯ ತಳದ ಸ್ಕ್ರೂಗಳು ಕೆಳಗಿನಿಂದಲೂ ಕಾಣಲಿ ಅಂತ ಗಾಜು. ಮೇಲಧಿಕಾರಿ ಮೇಡಂ ಚಹಾ ಲೋಟ ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಮೇಡಂ ಸ್ವರ ಎತ್ತಿದವರೇ ಅಲ್ಲ, ನಿಯಮ ಬಿಟ್ಟವರೂ ಅಲ್ಲ. ಮೊದಲ ಸುತ್ತು ಕುಲುಕಕ್ಕನದು. ಆಮೇಲೆ ಮಕ್ಕಳನ್ನು ಒಳಗೆ ಬಿಡುವುದು.

ಮೊದಲನೆಯ ಸೌರಮಂಡಲಕ್ಕೆ ಸ್ವಿಚ್ ಹಾಕಿದ ಕೂಡಲೇ ಅದು ಹಾಡತೊಡಗಿತು. ಹಾಡಿನ ಮಧ್ಯೆ ಒಬ್ಬ ಹೆಂಗಸು ಗ್ರಹಗಳ ಹೆಸರನ್ನು ಬಸ್ ನಿಲ್ದಾಣದಲ್ಲಿ ಕೂಗಿದ ಹಾಗೆ ಕೂಗುತ್ತಿದ್ದಳು. ನಿಲ್ಲಿಸುವ ಗುಂಡಿಯೇ ಇರಲಿಲ್ಲ. ಬ್ಯಾಟರಿ ತೆಗೆದ ಮೇಲೂ ಕೊನೆಯ ಉಸಿರಿನಲ್ಲಿ "ನೆಪ್…" ಅಂದು ಸುಮ್ಮನಾಯಿತು. ಎರಡನೆಯದರ ಸೂರ್ಯ ನಿಜವಾದ ಸೂರ್ಯನ ಮೇಲೆ ಪಂಥ ಕಟ್ಟಿದ ಹಾಗೆ ಕಾಯತೊಡಗಿ ಬುಧಗ್ರಹ ಮೆತ್ತಗಾಗಿ ತೊಟ್ಟಿಕ್ಕಿತು. ಮೂರನೆಯದರಲ್ಲಿ ಗುರುಗ್ರಹ ಕಿತ್ತುಕೊಂಡು ಹಾರಿ ನೇರ ಮೇಡಂ ಲೋಟಕ್ಕೆ ಬಿತ್ತು. ಮೇಡಂ ಅದನ್ನು ಚಮಚದಿಂದ ತೆಗೆದು ತಟ್ಟೆಯಲ್ಲಿಟ್ಟು, "ಬರ್ಕೊಳ್ಳಿ," ಅಂದರು. ನಾಲ್ಕನೆಯದರಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಅದು ತಿರುಗುತ್ತಿತ್ತು, ಅಷ್ಟೇ. ನೋಡುತ್ತಾ ನಿಂತರೆ ಆಕಳಿಕೆ ಬರುತ್ತಿತ್ತು.

ಉಳಿದದ್ದು ಕೊನೆಯದು. ಬಟ್ಟೆ ಸರಿಸಿದಳು. ಸೂರ್ಯನ ನೆತ್ತಿಯ ಮೇಲೆ ಕಬ್ಬಿಣದ ಕೊಂಡಿ. ಗ್ರಹಗಳ ತೋಳುಗಳೆಲ್ಲ ಚಪ್ಪಟೆ, ಒಂದು ಚೂರು ಓರೆ. ಪಕ್ಕದಲ್ಲಿ ಫ್ಯಾನಿನ ರೆಗ್ಯುಲೇಟರಿನ ದಪ್ಪ ಗುಂಡಿ. ಕುಲುಕಕ್ಕ ಗೋಡೆ ನೋಡಿದಳು, ನೆಲ ನೋಡಿದಳು, ಕಿಟಕಿ ನೋಡಿದಳು. ಕೊಂಡಿ ಯಾರು ಬೇಕಾದರೂ ಹಾಕಬಹುದು ಅಂತ ತನಗೆ ತಾನೇ ಹೇಳಿಕೊಂಡಳು. ಗೊತ್ತಾಗಿದೆ ಅಂತ ಒಪ್ಪಿಕೊಂಡರೆ ತಾನೇ ಗೊತ್ತಾದ ಹಾಗೆ?

ಕುಲುಕಿದಳು. ಅಲುಗಲಿಲ್ಲ. ಎಳೆದಳು. ಬರಲಿಲ್ಲ. ಬೀಳಿಸಿದಳು. ಬಿದ್ದು, ಏನೂ ಆಗಿಲ್ಲ ಎಂಬಂತೆ ಕೂತಿತು. ಗುಂಡಿ ತಿರುಗಿಸಿದಳು. ಗ್ರಹಗಳು ಒಂದಿಷ್ಟೂ ಸದ್ದಿಲ್ಲದೆ, ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಸಾಗತೊಡಗಿದವು. ಇನ್ನೂ ತಿರುಗಿಸಿದಾಗ ತಣ್ಣನೆ ಗಾಳಿ ಬಂತು. ಅವಳ ಕಾಗದಗಳು ಎದ್ದು ಹಾರಿದವು. ಮೇಡಂ ಕಣ್ಣು ಮುಚ್ಚಿ ಕುತ್ತಿಗೆ ಮುಂದೆ ಮಾಡಿ, "ಇದು ಪರವಾಗಿಲ್ಲ," ಅಂದರು. ಅದು ಅವರ ಬಾಯಲ್ಲಿ ಬರುವ ಅತಿ ದೊಡ್ಡ ಹೊಗಳಿಕೆ.

ಅವಳ ಎದೆ ಉಬ್ಬಿತು. ಮರುಕ್ಷಣ ಕುಸಿಯಿತು. ಮಕ್ಕಳ ಪುಸ್ತಕದಲ್ಲೆಲ್ಲ, ಮೇಲಿನಿಂದ ನೋಡಿದರೆ ಗ್ರಹಗಳು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಬೇಕು. ಇಲ್ಲಿ ಭೂಮಿ, ಮಂಗಳ, ಶನಿ, ಇಡೀ ಸಂಸಾರ ಗಡಿಯಾರದ ಮುಳ್ಳಿನ ಜೊತೆಗೇ ಕೈಕೈ ಹಿಡಿದು ಹೊರಟಿತ್ತು. ದಿಕ್ಕು ತಪ್ಪಿದರೆ ನಪಾಸು. ಆ ಸಾಲನ್ನು ಕಚೇರಿಯ ನಿಯಮಕ್ಕೆ ಸೇರಿಸಿದವಳು ಬೇರೆ ಯಾರೂ ಅಲ್ಲ, ಅವಳೇ.

ಮಕ್ಕಳು ಬಂದರು. ಹಾಡುವುದನ್ನು ಕೇಳಿ ಕಿವಿ ಮುಚ್ಚಿದರು, ತಪ್ಪಿಲ್ಲದ್ದನ್ನು ಕಂಡು ಶೂ ಲೇಸ್ ಕಟ್ಟಿಕೊಂಡರು, ಕೊನೆಯದರ ಸುತ್ತ ನೊಣದ ಹಾಗೆ ಮುತ್ತಿದರು. ಅವರಲ್ಲೊಬ್ಬಳು ಯಾವುದಕ್ಕೂ "ಯಾಕೆ?" ಅಂತ ಕೇಳುವವಳು. ಕಚೇರಿಯಲ್ಲಿ ಎಲ್ಲರೂ ಅವಳನ್ನು ಯಾಕಮ್ಮ ಅಂತಲೇ ಕರೆಯುತ್ತಿದ್ದರು.

ಊಟದ ಹೊತ್ತಾಯಿತು. ಮೇಡಂ ಎದ್ದರು, ಮಕ್ಕಳು ಕೈ ತೊಳೆಯಲು ಓಡಿದರು, ಕೋಣೆ ಖಾಲಿಯಾಯಿತು. ಕುಲುಕಕ್ಕ ಒಬ್ಬಳೇ ನಿಂತಳು.

ಎರಡು ವೈರು. ಮೋಟಾರಿಗೆ ಹೋಗುವ ಎರಡೇ ವೈರು ಅದಲುಬದಲು ಮಾಡಿದರೆ ಇಡೀ ಸೌರಮಂಡಲ ದಾರಿಗೆ ಬರುತ್ತದೆ. ಆದರೆ ಪರೀಕ್ಷಕರು ರಿಪೇರಿ ಮಾಡುವ ಹಾಗಿಲ್ಲ. ಒಬ್ಬರದಕ್ಕೆ ಸ್ಕ್ರೂಡ್ರೈವರ್ ಹಾಕಿದರೆ ಬುಧ ತೊಟ್ಟಿಕ್ಕಿಸಿದವರು, ಗುರು ಹಾರಿಸಿದವರು ಏನು ಪಾಪ ಮಾಡಿದ್ದರು? ಇದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಕೈ ಜೇಬಿಗೆ ಹೋಯಿತು. ಮಾವ ಕಲಿಸಿದ ಕೈ ಅಲ್ಲವೇ, ಅದಕ್ಕೆ ಅವಳಿಗಿಂತ ಮಾವನ ಮೇಲೇ ಪ್ರೀತಿ ಹೆಚ್ಚು. ತಳದ ಅಂಚಿನ ಮುಚ್ಚಳದ ನಾಲ್ಕು ಸ್ಕ್ರೂಗಳಲ್ಲಿ ಮೊದಲನೆಯದು ತಿರುಗಿಯೂಬಿಟ್ಟಿತು.

"ಅಕ್ಕ, ಅದನ್ನ ಯಾಕೆ ಬಿಚ್ತಿದ್ದೀರ?"

ಕುಲುಕಕ್ಕ ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಹಿಡಿದಳು. ದನಿ ಬಂದದ್ದು ಗಾಜಿನ ಮೇಜಿನ ಕೆಳಗಿನಿಂದ, ಸೌರಮಂಡಲದ ತಳದ ಮರೆಯಿಂದ. ಯಾಕಮ್ಮ ಅಂಗಾತ ಮಲಗಿ, ಎರಡೂ ಕೈ ತಲೆಯ ಕೆಳಗಿಟ್ಟುಕೊಂಡು, ಮೇಲೆ ತಿರುಗುವ ಗ್ರಹಗಳನ್ನು ನೋಡುತ್ತಿದ್ದಳು.

"ಅದು… ಉಲ್ಟಾ ತಿರುಗ್ತಿದೆ ಪುಟ್ಟ."

"ಇಲ್ವಲ್ಲ. ಸರಿಯಾಗೇ ಇದೆ. ಪುಸ್ತಕದಲ್ಲಿ ಇರೋ ಹಾಗೇ."

"ಉಲ್ಟಾ ಕಣೇ."

"ನೀವು ಯಾಕೆ ಮೇಲಿಂದ ನೋಡ್ತೀರ?"

ಕುಲುಕಕ್ಕ ಬಗ್ಗಿದಳು, ಮಂಡಿಯೂರಿದಳು, ಕೊನೆಗೆ ಅವಳೂ ಅಂಗಾತ ಮಲಗಿದಳು. ನಿಜ. ಕೆಳಗಿನಿಂದ ನೋಡಿದರೆ ಭೂಮಿ, ಮಂಗಳ, ಶನಿ ಎಲ್ಲ ಪುಸ್ತಕದ ಹಾಗೇ ಸುತ್ತುತ್ತಿದ್ದವು. ಅವಳಿಗೆ ಥಟ್ಟನೆ ಹೊಳೆಯಿತು. ಮಾವ ಇದನ್ನು ಅಂಗಡಿಯ ಚಾವಣಿಗೆ ನೇತುಹಾಕಿ, ಕೆಳಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ತಲೆಯೆತ್ತಿ ದಿಕ್ಕು ನೋಡಿದ್ದಾರೆ. ಜೀವಮಾನವಿಡೀ ತಿರುಗುವುದನ್ನೆಲ್ಲ ಅವರು ಕೆಳಗಿನಿಂದಲೇ ನೋಡಿದವರು. ಮೇಜಿನ ಮೇಲಿಟ್ಟು ನೋಡಬೇಕು ಅಂತ ಹೊಳೆಯಲೇ ಇಲ್ಲ. ಕುಲುಕಕ್ಕನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದು ನಕ್ಕಳು. ನಕ್ಕು ಮುಗಿಸಿದಾಗ ಮೇಜಿನ ಆಚೆ ಮೇಡಂ ಚಪ್ಪಲಿ ಕಂಡಿತು.

"ಅಲ್ಲಿ ಯಾರು ಮಲಗಿರೋದು?"

"ನಾನು ಮೇಡಂ. ತಳ ಪರೀಕ್ಷೆ."

ಮೇಡಂ ಮೇಜಿನ ಹತ್ತಿರ ಬಂದರು. ಸೂರ್ಯನ ಕೊಂಡಿಯನ್ನು ಬೆರಳಿನಿಂದ ತಟ್ಟಿದರು. "ಇದು ಯಾರದ್ದು ಅಂತ ನಿಮಗೆ ಗೊತ್ತಾ?"

ಸೌರಮಂಡಲದ ತಳ ಅಡ್ಡವಾಗಿ ಮೇಡಂಗೆ ಅವಳ ಮುಖ ಕಾಣುವಂತಿರಲಿಲ್ಲ. "ಇಲ್ಲ" ಅನ್ನಲು ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ ಹೇಳಿ. ಆದರೆ ಪಕ್ಕದಲ್ಲಿ ಯಾಕಮ್ಮ ಕಣ್ಣರಳಿಸಿ ಅವಳನ್ನೇ ನೋಡುತ್ತಿದ್ದಳು. ಕುಲುಕಕ್ಕನ ಕೈಯಲ್ಲಿ ಸ್ಕ್ರೂಡ್ರೈವರ್ ಇನ್ನೂ ಇತ್ತು.

"ಗೊತ್ತು ಮೇಡಂ. ನಮ್ಮ ಮಾವಂದು."

"ಹಾಗಾದ್ರೆ ಇದು ಹೊರಗೆ," ಅಂದರು ಮೇಡಂ, ಎಂದಿನ ಸ್ವರದಲ್ಲಿ. ಆಮೇಲೆ ಯಾರೂ ಊಹಿಸದ ಕೆಲಸ ಮಾಡಿದರು. ಚಪ್ಪಲಿ ಬಿಟ್ಟು, ಕನ್ನಡಕ ಸರಿಮಾಡಿಕೊಂಡು, ಮೇಜಿನ ಕೆಳಗೆ ಬಂದು ಅವರ ಪಕ್ಕದಲ್ಲೇ ಒರಗಿದರು. ಮೂವರೂ ಗ್ರಹ ನೋಡಿದರು. "ಕೆಳಗಿಂದ ಸರಿಯಾಗಿದೆಯಲ್ರೀ," ಅಂದರು ಮೇಡಂ ಮೆಲ್ಲಗೆ. "ಮಕ್ಕಳು ಕಾಯೋ ಕೋಣೆ ಚಾವಣಿಯಲ್ಲಿ ಒಂದು ಕೊಕ್ಕೆ ಎಷ್ಟೋ ದಿನದಿಂದ ಖಾಲಿ ಇದೆ. ಮುದ್ರೆ ಕೊಡೋಕಾಗಲ್ಲ. ಜಾಗ ಕೊಡಬಹುದು."

ಮುದ್ರೆ ನಾಲ್ಕನೆಯದಕ್ಕೆ ಬಿತ್ತು, ಆ ಆಕಳಿಕೆಯ ಸೌರಮಂಡಲಕ್ಕೆ. ಅಮ್ಮ ದಿಕ್ಕು, ವೈರಿನ ಸುದ್ದಿಯನ್ನೆಲ್ಲ ಕುಲುಕಕ್ಕನ ಬಾಯಿಂದಲೇ ಕೇಳಿ ಅವಳ ಜೊತೆ ಮಾತು ಬಿಟ್ಟಳು. ತಮ್ಮನನ್ನು ಬೈಯುವ ಹಕ್ಕು ತನ್ನೊಬ್ಬಳದೇ ಅಂತ ಅವಳ ಲೆಕ್ಕ. "ಸ್ವಂತ ಮಾವನಿಗೆ ಎರಡು ವೈರು ಬದಲಾಯಿಸಿ ಕೊಡೋಕಾಗ್ಲಿಲ್ವಾ ಅಂತ ಅವಳನ್ನ ಕೇಳಿ," ಎಂದು ಬಂದ ನೆಂಟರಿಗೆಲ್ಲ ಹೇಳಿ ಕಳಿಸುತ್ತಿದ್ದಳು.

ಮಾವ ಅಂಗಡಿ ಬಾಗಿಲು ಪೂರ್ತಿ ತೆರೆದು ಮತ್ತೆ ಫ್ಯಾನ್ ರಿಪೇರಿಗೆ ಕೂತರು. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಕೊನೆಗೊಂದು ದಿನ ಒಗೆದ ಅಂಗಿ ಹಾಕಿಕೊಂಡು ಕಚೇರಿಗೆ ಬಂದರು. ಕಾಯುವ ಕೋಣೆಯಲ್ಲಿ ಮಕ್ಕಳು ಸಾಲಾಗಿ ನೆಲದ ಮೇಲೆ ಮಲಗಿ ಮೇಲೆ ನೋಡುತ್ತಿದ್ದರು. ಮಾವ ಸೊಂಟದ ಮೇಲೆ ಕೈಯಿಟ್ಟು ತಲೆಯೆತ್ತಿದರು. ಅವರ ಮುಖ ಮೆಲ್ಲಗೆ ಅರಳತೊಡಗಿತು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಯಾವುದೋ ಮಗುವಿನ ಅಪ್ಪ ಅಂಗಿಯ ಗುಂಡಿ ಬಿಚ್ಚಿ ಗಾಳಿಗೆ ಎದೆಯೊಡ್ಡಿ ಹೇಳಿದ: "ಎಂಥಾ ಫ್ಯಾನ್ ರೀ ಇದು. ಸದ್ದೇ ಇಲ್ಲ. ಯಾರು ಮಾಡಿದ್ದು?"

ಮಾವನ ಮುಖ ಅರ್ಧ ಅರಳಿ ಅಲ್ಲೇ ನಿಂತಿತು. ನಗಬೇಕೋ ಅಳಬೇಕೋ ತಿಳಿಯದೆ ಮತ್ತೆ ಮೇಲೆ ನೋಡಿದರು. ಅವರ ಕಣ್ಣು ಸಣ್ಣದಾಯಿತು. ಫ್ಯಾನ್ ರಿಪೇರಿಯವರ ಕಣ್ಣು ಅದು.

"ಮಗಳೇ, ತಳದ ಒಂದು ಸ್ಕ್ರೂ ಸಡಿಲ ಇದೆ. ನಾನು ಬಿಗಿಯಾಗೇ ಹಾಕಿದ್ದೆ. ಯಾರು ಬಿಚ್ಚಿದ್ದು?"

ಕುಲುಕಕ್ಕ ಕಾಲಬೆರಳು ನೋಡುತ್ತಾ, "ನಾನೇ ಮಾವ," ಅಂದಳು.

ಮಾವನಿಗೆ ಎಲ್ಲ ಅರ್ಥವಾಯಿತು. ಕುರ್ಚಿ ಎಳೆದರು, ಅಭ್ಯಾಸದಂತೆ ಅವಳು ಅದನ್ನು ಕುಲುಕಿ ನೋಡಿದಳು, ಅವರು ಹತ್ತಿ ಸ್ಕ್ರೂ ಬಿಗಿ ಮಾಡತೊಡಗಿದರು. ತಿರುಗಿಸುತ್ತಲೇ, ಅವಳ ಕಡೆ ನೋಡದೆ ಕೇಳಿದರು: "ಒಂದು ಬಿಚ್ಚಿದವಳು ಇನ್ನೂ ಮೂರು ಬಿಚ್ಚಬಾರ್ದಿತ್ತಾ? ಇಲ್ಲಾ, ಈ ಒಂದನ್ನಾದ್ರೂ ಯಾಕೆ ಬಿಚ್ಚಿದೆ?"

ಕುಲುಕಕ್ಕ ಕುರ್ಚಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ನೀವೇ ಹೇಳಿ, ಕೋಣೆ ಖಾಲಿ, ಕೈಯಲ್ಲಿ ಮಾವ ಕಲಿಸಿದ ಸ್ಕ್ರೂಡ್ರೈವರ್, ಮೇಜಿನ ಕೆಳಗೆ ಯಾಕಮ್ಮ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?