ಮೂರು ಎಕ್ಕಾ, ಒಂದು ಡಬ್ಬಿ ಉಂಡಿ

ಪಂಚಮಿ ದಿನ ಪಕೀರಪ್ಪನ ಪಡಸಾಲೆಯಲ್ಲಿ ಮೂರೆಲೆ ಇಸ್ಪೀಟು ಆಡುವವರು ರೊಕ್ಕ ಕಟ್ಟುವುದಿಲ್ಲ, ಉಂಡಿ ಕಟ್ಟುತ್ತಾರೆ. ಶೇಂಗಾ ಉಂಡಿಯೋ ಎಳ್ಳುಂಡಿಯೋ, ನಡುವಿನ ತಾಟಿಗೆ ಬಿದ್ದದ್ದೆಲ್ಲ ಗೆದ್ದವನದು. ಜತೆಗೊಂದು ಕಟ್ಟಳೆ: ಯಾವನಾದರೂ ಎಲೆ ಹಿಡಿದು ಯೋಚಿಸುತ್ತ ಕೂತರೆ, ಉಳಿದವರು ತಾಟಿನ ಉಂಡಿ ತಿನ್ನುತ್ತ ಇರಬಹುದು. ಆಟ ಚುರುಕಾಗಲೆಂದು ಹಿರಿಯರು ಮಾಡಿದ್ದು.

ಹನುಮಸಾಗರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟ ಆಂಜನೇಯನಿಗೆ ಈ ಕಟ್ಟಳೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದನ್ನು ಬೇಕಾದ ಹೊತ್ತಿಗೇ ಮರೆಯುವುದರಲ್ಲಿ ಅವನು ನುರಿತವನು. ಅಂದು ಹೆಂಡತಿ ಲಲಿತಾ ಕಟ್ಟಿದ್ದ ಒಂದು ಡಬ್ಬಿ ಉಂಡಿಯಲ್ಲಿ ನಾಲ್ಕು ಬಿಟ್ಟು ಉಳಿದದ್ದೆಲ್ಲ ಸೋತಿದ್ದ. ಸಂಜೆ ಇರಕಲ್ಲಗಡದಿಂದ ಅವಳ ಅಣ್ಣ ಬಂದು ತವರಿಗೆ ಕರೆದೊಯ್ಯುವವನಿದ್ದ. ಆ ಉಂಡಿ ತವರಿಗೆ ಒಯ್ಯಲೆಂದು ಕಟ್ಟಿದ್ದು. ಒಂದೆರಡು ಒಯ್ಯುತ್ತೇನೆಂದು ಹೇಳಿದವನು ಡಬ್ಬಿಯನ್ನೇ ಬಗಲಲ್ಲಿ ಹಿಡಿದು ಬಂದಿದ್ದ.

ಆಗ ಬಂತು ನೋಡಿ ಕೈ. ತುದಿಯಷ್ಟೇ ಸರಿಸಿ ನೋಡಿದ: ಎಕ್ಕಾ. ಅದರ ಹಿಂದೆ ಎಕ್ಕಾ. ಅದರ ಹಿಂದೆಯೂ ಎಕ್ಕಾ! ಇದನ್ನು ಮೀರಿದ ಕೈ ಆ ಆಟದಲ್ಲೇ ಇಲ್ಲ. ಉಳಿದಿಬ್ಬರು ಎಲೆ ನೋಡದೆಯೇ ಉಮೇದಿಯಲ್ಲಿ ಹಿಡಿಹಿಡಿಯಾಗಿ ಸುರಿದು ತಾಟು ಗುಡ್ಡೆಯಾಗಿತ್ತು. ಬೇರೆ ಯಾರಾದರೂ ನಾಲ್ಕೂ ಉಂಡಿ ಒಟ್ಟಿಗೆ ಇಟ್ಟು "ತೋರಸ್ರಿ" ಅನ್ನುತ್ತಿದ್ದರು. ಆಂಜನೇಯ ಹಾಗಲ್ಲ. ಮೊಬೈಲಿನಲ್ಲಿ ಆಟದ ವಿಡಿಯೋ ನೋಡಿ ಪಂಡಿತನಾದವನು. ಜೋರು ಕೈ ಬಂದಾಗ ಜೋರು ಮಾಡಬಾರದು, ಮಂದಿ ಅಂಜಿ ಎಲೆ ಒಗೆಯುತ್ತಾರೆ. ಬಡವನಂತೆ ಕೂತರೆ ಇನ್ನಷ್ಟು ಸುರಿಯುತ್ತಾರೆ.

ತಲೆ ಕೆರೆದುಕೊಂಡ. ತೊಲೆ ನೋಡಿದ. ನಿಟ್ಟುಸಿರು ಬಿಟ್ಟ.

"ಏನಪಾ ಅಳಿಯಾ," ದೂರದ ಸಂಬಂಧದಲ್ಲಿ ಸೋದರಮಾವನಾಗಬೇಕಾದ ಪಕೀರಪ್ಪ ತಾಟಿಗೆ ಕೈ ಹಾಕುತ್ತ ಅಂದ, "ನೀ ಎಲಿ ನೋಡಾಕತ್ತೀಯೋ, ಎಲಿನ ನಿನ್ನ ನೋಡಾಕತ್ತಾವೋ?"

"ತಡೀರಿ ಮಾವ, ಕೈ ಭಾಳ ಹಲ್ಕಾ ಐತಿ. ವಿಚಾರ ಮಾಡಬೇಕು."

"ಮಾಡಪಾ, ಮಾಡು. ಅವಸರ ಏನೈತಿ?" ಟೇಲರ್ ನೂರಸಾಬ ಎಳ್ಳುಂಡಿ ಮುರಿದ. "ನೀ ವಿಚಾರ ಮಾಡಿದಷ್ಟೂ ನಮಗ ಛಲೋ."

ಗಾಳ ಕಚ್ಚಿದರು! ಆಂಜನೇಯ ಒಳಗೊಳಗೇ ಹಿಗ್ಗಿ, ಕೈ ನಡುಗಿಸುತ್ತ ಒಂದೇ ಒಂದು ಉಂಡಿ ಇಟ್ಟ. ಅವರೂ ಒಂದೊಂದು ಇಟ್ಟರು. ಮತ್ತೆ ಸರದಿ ಬಂದಾಗ ಕಣ್ಣು ಮುಚ್ಚಿ ಹುಲಿಗೆಮ್ಮನನ್ನು ನೆನೆಯುವಂತೆ ನಟಿಸಿದ. ನಟನೆ ಎಷ್ಟು ಚೆನ್ನಾಗಿ ಬಂತೆಂದರೆ ಅವನಿಗೇ ತನ್ನ ಮೇಲೆ ಮರುಕ ಹುಟ್ಟಿತು. ಕಿವಿಗೆ ಕರಕರ ಸಪ್ಪಳ ಬೀಳುತ್ತಲೇ ಇತ್ತು. ಪಾಪ, ದಿಗಿಲಿಗೆ ಹಲ್ಲು ಕಡಿಯುತ್ತಿದ್ದಾರೆ ಅಂದುಕೊಂಡ.

"ಪಕೀರಪ್ಪ, ನೀರು ಕೊಡೋ ಮಾರಾಯಾ," ನೂರಸಾಬ ಕೆಮ್ಮಿದ, "ಗಂಟ್ಲ ಹಿಡೀತು."

ಹೀಗೆ ಮೂರು ಉಂಡಿ ಮುಗಿದು ಕೊನೆಯದನ್ನು ಇಟ್ಟವನೇ ಆಂಜನೇಯ ಎದೆ ಸೆಟೆಸಿದ. "ತೋರಸ್ರಿ!"

ನೂರಸಾಬನ ಎಲೆಗಳಿಗೆ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಪಕೀರಪ್ಪನದು ಏಳರ ಜೋಡಿ. ಆಂಜನೇಯ ಮೂರೂ ಎಕ್ಕಾ ನೆಲಕ್ಕೆ ಬಡಿದ.

"ಯಪ್ಪಾ! ಇಂಥಾ ಕೈ ಹಿಡ್ಕೊಂಡು ಇಷ್ಟೊತ್ತು ಅಳ್ತಿದ್ದೇನಲೇ?" ಪಕೀರಪ್ಪ ತಾಟನ್ನು ಅವನತ್ತ ಸರಿಸಿದ. "ತಗೋ, ಎಲ್ಲಾ ನಿಂದ."

ತಾಟಿನಲ್ಲಿ ಅರ್ಧ ಉಂಡಿ ಇತ್ತು. ಒಂದಿಷ್ಟು ಎಳ್ಳು ಉದುರಿತ್ತು.

ಮನೆಯಲ್ಲಿ ಲಲಿತಾ ಡಬ್ಬಿ ತೆರೆದಳು. "ಉಂಡಿ ಎಲ್ಲಿ?"

"ಮೂರು ಎಕ್ಕಾ ಬಂದಿದ್ವು ಲಲಿತಾ."

"ಆದ್ರೂ ಸೋತ್ರ್ಯಾ?"

"ಇಲ್ಲ, ಗೆದ್ದೆ."

ಅವಳು ಡಬ್ಬಿ ನೋಡಿದಳು, ಗಂಡನನ್ನು ನೋಡಿದಳು. "ಗೆದ್ರ ಹಿಂಗ. ಸೋತಿದ್ರ ಅವರು ನಿಮ್ಮ ಮೈಮ್ಯಾಲಿನ ಅಂಗೀನೂ ತಿಂತಿದ್ರೇನೋ. ಕೈ ತೊಳಕೊಂಡು ಬರ್ರಿ. ಅಣ್ಣ ಬರೂದ್ರಾಗ ಕಟ್ಟಬೇಕು."

ಶೇಂಗಾ ಕುಟ್ಟಿದ್ದಾಯಿತು, ಬೆಲ್ಲದ ಪಾಕ ಬಿತ್ತು. ಕೈ ಸುಟ್ಟೀತೆಂದು ಆಂಜನೇಯ ಹೂವು ಹಿಡಿದಂತೆ ಹಿಡಿದ. ಉಂಡಿ ಪುಡಿಪುಡಿಯಾಗಿ ಉದುರಿತು.

"ಬಿಸಿ ಇದ್ದಾಗ ಗಟ್ಟಿ ಒತ್ರಿ," ಅಂದಳು ಲಲಿತಾ. "ಆರಿದ ಮ್ಯಾಲೆ ನೀವೆಷ್ಟು ವಿಚಾರ ಮಾಡಿದ್ರೂ ಕೂಡಂಗಿಲ್ಲ."

ಹೊರಗೆ ಬೈಕು ನಿಂತ ಸಪ್ಪಳ. ಆಂಜನೇಯ ಹಲ್ಲು ಕಚ್ಚಿ ಒತ್ತಿದ. ಅಂಗೈ ಚುರ್ ಎಂದಿತು, ಉಂಡಿ ಕೂತಿತು. ಒಂದು. ಡಬ್ಬಿ ಮಾತ್ರ ಭಾರಿ ದೊಡ್ಡದಿತ್ತು.